ತಳ್ಳಿ ಸ್ಟಾರ್ಟ್ ಮಾಡುವುದು

ಬ್ಯಾಟರಿ ಡೌನ್ ಆಗಿ ಸೆಲ್ಫ್ ಹೊಡೆಯದ ಮ್ಯಾನ್ಯುಯಲ್ ಗೇರಿನ ಕಾರನ್ನು ತಳ್ಳಿ, ಇಲ್ಲವೇ ಇಳಿಜಾರಿನಲ್ಲಿ ಉರುಳಬಿಟ್ಟು, ಚಕ್ರಗಳ ಓಟದಿಂದಲೇ ಎಂಜಿನ್ ಚಾಲೂ ಮಾಡುವ ಕ್ರಮ.

ತತ್ವ
ಓಡುವ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಕ್ಲಚ್, ಗೇರ್‌ಬಾಕ್ಸ್‌ಗಳನ್ನು ಹಾದು ಚಕ್ರಕ್ಕೆ ತಲುಪುತ್ತದೆ. ತಳ್ಳುವಾಗ ಇದೇ ದಾರಿ ತಿರುವುಮುರುವಾಗುತ್ತದೆ: ಉರುಳುವ ಚಕ್ರಗಳು ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುತ್ತವೆ. ಸೆಲ್ಫ್ ಮೋಟಾರು ತಿರುಗಲು 12 ವೋಲ್ಟಿನ ಬ್ಯಾಟರಿಯಿಂದ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು. ಕಿಡಿ ಹಾರಿಸಲು, ಪೆಟ್ರೋಲ್ ಪಂಪ್ ಓಡಿಸಲು ಅದರ ಅಲ್ಪ ಪಾಲು ಸಾಕು. ಹೀಗಾಗಿ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪ ಹೊತ್ತಿ, ಬರೀ ‘ಟಕ್ ಟಕ್’ ಎನ್ನುವ ಕಾರು ತಳ್ಳಿದರೆ ಸ್ಟಾರ್ಟ್ ಆಗುವ ಸಂಭವ ಹೆಚ್ಚು. ದೀಪವೇ ಹೊತ್ತದಿದ್ದರೆ ಇಂದಿನ ಪೆಟ್ರೋಲ್ ಕಾರಿನ ಕಂಪ್ಯೂಟರು ಎಚ್ಚರಗೊಳ್ಳುವುದಿಲ್ಲ; ಎಷ್ಟು ತಳ್ಳಿದರೂ ದಣಿವೇ ಲಾಭ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಆದ್ದರಿಂದ ಯಾಂತ್ರಿಕ ಇಂಜೆಕ್ಷನ್ ಪಂಪಿನ ಹಳೆಯ ಡೀಸೆಲ್ ವಾಹನಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

ವಿಧಾನ
ಇಗ್ನಿಷನ್ ಆನ್ ಮಾಡಿ, ಎ.ಸಿ., ಹೆಡ್‌ಲೈಟ್ ಆರಿಸಿ, ಕ್ಲಚ್ ಪೂರ್ತಿ ಒತ್ತಿ ಸೆಕೆಂಡ್ ಗೇರ್ ಹಾಕಬೇಕು. ಹ್ಯಾಂಡ್‌ಬ್ರೇಕ್ ಇಳಿಸಿ ಕಾರನ್ನು ತಳ್ಳಿಸಬೇಕು. ಓಡುನಡಿಗೆಯ ವೇಗ, ಅಂದರೆ ಗಂಟೆಗೆ ಸುಮಾರು 8–10 ಕಿ.ಮೀ. ಬಂದೊಡನೆ ಕ್ಲಚ್ಚನ್ನು ಥಟ್ಟನೆ ಬಿಡಬೇಕು. ಕಾರು ಒಮ್ಮೆ ಜಗ್ಗುತ್ತದೆ. ಎಂಜಿನ್ ಹತ್ತಿಕೊಂಡ ಕೂಡಲೇ ಮತ್ತೆ ಕ್ಲಚ್ ಒತ್ತಿ ಆಕ್ಸಿಲರೇಟರ್ ತುಳಿಯಬೇಕು. ಫಸ್ಟ್ ಗೇರಿನಲ್ಲಿ ಎಂಜಿನ್ನಿನ ತಡೆ ಚಕ್ರಕ್ಕೆ ಹೆಚ್ಚು ಬಲವಾಗಿ ತಾಗುವುದರಿಂದ ಜಗ್ಗು ಜೋರಾಗಿ, ಚಕ್ರ ಜಾರಬಹುದು. ಇಳಿಜಾರಿನಲ್ಲಿ ಹಿಮ್ಮುಖವಾಗಿ ಉರುಳುತ್ತಿದ್ದರೆ ರಿವರ್ಸ್ ಗೇರ್ ಬಳಸಬಹುದು.

ಮಿತಿಗಳು
ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲಿನ ಒತ್ತಡ ಹುಟ್ಟುವುದು ಎಂಜಿನ್ ತಿರುಗಿದಾಗ ಮಾತ್ರ. ಆ ಒತ್ತಡವಿಲ್ಲದೆ ಗೇರ್ ಹಿಡಿಯದು, ಚಕ್ರದ ಓಟ ಎಂಜಿನ್ನಿಗೆ ಮುಟ್ಟದು. ಪದೇ ಪದೇ ಯತ್ನಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು.

ಎಚ್ಚರಿಕೆ
ಎಂಜಿನ್ ಆಫ್ ಇರುವಾಗ ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ; ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಡುಸಾಗುತ್ತದೆ. ಕೀ ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಇನ್ನೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಿದರೆ, ಎಂಜಿನ್ ಹತ್ತಿಕೊಂಡ ಕಾರು ಮುನ್ನುಗ್ಗಿ ಎಳೆಯುವ ವಾಹನಕ್ಕೇ ಗುದ್ದುವ ಅಪಾಯವಿದೆ.

ಹಿನ್ನೆಲೆ
ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಅದಕ್ಕೂ ಮೊದಲು ಮುಂಭಾಗಕ್ಕೆ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸುವುದೇ ರೂಢಿ. ಭಾರತದ ಅಂಬಾಸಿಡರ್ ಕಾರುಗಳಲ್ಲೂ ಬಹುಕಾಲ ಆ ಹ್ಯಾಂಡಲಿಗೆ ಅವಕಾಶವಿತ್ತು. ಈಗ ಇನ್ನೊಂದು ಕಾರಿನ ಬ್ಯಾಟರಿಗೆ ಕೇಬಲ್ ಜೋಡಿಸಿ ಜಂಪ್‌ಸ್ಟಾರ್ಟ್ ಮಾಡುವುದು ಹೆಚ್ಚು ಸುರಕ್ಷಿತ. ತಳ್ಳುವುದು ಸೆಲ್ಫ್ ಮೋಟಾರಿನ ಕೆಲಸವನ್ನಷ್ಟೇ ಮಾಡುತ್ತದೆ. ಸವೆದ ಬ್ಯಾಟರಿಯನ್ನು ಬದಲಿಸಲೇಬೇಕು.