ಬ್ರೆಗೆಂಟ್ಸರ್‌ವಾಲ್ಡ್ ಚೀಸ್ ಮಾರ್ಗ: ಹೈನುಗಾರಿಕೆಗೆ ಪ್ರವಾಸೋದ್ಯಮದ ಆಸರೆ

ಪೀಠಿಕೆ

ಒಂದು ಪ್ರದೇಶದ ಕೃಷಿಕರು, ಆಹಾರ ತಯಾರಕರು ಹಾಗೂ ಉಪಾಹಾರ ಗೃಹಗಳನ್ನು ಒಂದೇ ಹೆಸರಿನಡಿ ಗುರುತಿಸಿ, ಪ್ರವಾಸಿಗರನ್ನು ಉತ್ಪಾದಕರ ಮನೆಬಾಗಿಲಿಗೇ ಕರೆತರುವ ವ್ಯವಸ್ಥೆಯನ್ನು ಆಹಾರ ಪ್ರವಾಸ ಮಾರ್ಗ ಎಂದು ಕರೆಯಲಾಗುತ್ತದೆ. 1935ರಲ್ಲಿ ಆರಂಭವಾದ ಜರ್ಮನಿಯ ದ್ರಾಕ್ಷಾರಸ ಮಾರ್ಗವು ಇಂತಹವುಗಳಲ್ಲಿ ಹಳೆಯದು. ಹೈನುಗಾರಿಕೆಯನ್ನು ಅವಲಂಬಿಸಿದ ಮಾರ್ಗಗಳ ಪೈಕಿ ಆಸ್ಟ್ರಿಯಾ ದೇಶದ ‘ಕೇಸೆಸ್ಟ್ರಾಸೆ ಬ್ರೆಗೆಂಟ್ಸರ್‌ವಾಲ್ಡ್’, ಅಂದರೆ ಬ್ರೆಗೆಂಟ್ಸರ್‌ವಾಲ್ಡ್ ಚೀಸ್ ಮಾರ್ಗವು ಅಧ್ಯಯನಯೋಗ್ಯವಾದುದು.

ಹಿನ್ನೆಲೆ

ಬ್ರೆಗೆಂಟ್ಸರ್‌ವಾಲ್ಡ್ ಎಂಬುದು ಆಸ್ಟ್ರಿಯಾದ ಪಶ್ಚಿಮ ತುದಿಯ ಫೋರಾರ್ಲ್‌ಬೆರ್ಗ್ ರಾಜ್ಯದಲ್ಲಿರುವ ಗುಡ್ಡಗಾಡು ಪ್ರದೇಶ. ಇಲ್ಲಿನ ಕಡಿದಾದ ಇಳಿಜಾರುಗಳಲ್ಲಿ ಹುಲ್ಲು ಬೆಳೆಯುವುದೇ ಮುಖ್ಯ ಕೃಷಿ. ಸಣ್ಣ ಹಿಡುವಳಿಗಳೇ ಹೆಚ್ಚಾಗಿದ್ದು, ಹಾಲಿನ ಪ್ರಮಾಣದಲ್ಲಿ ಬಯಲುಸೀಮೆಯ ದೊಡ್ಡ ಹೈನುಶಾಲೆಗಳೊಡನೆ ಪೈಪೋಟಿ ನಡೆಸುವುದು ಇವರಿಗೆ ಸಾಧ್ಯವಿಲ್ಲ. 1995ರಲ್ಲಿ ಆಸ್ಟ್ರಿಯಾವು ಐರೋಪ್ಯ ಒಕ್ಕೂಟವನ್ನು ಸೇರಿದಾಗ ಹೈನುಗಾರರಿಗೆ ದೊರೆಯುತ್ತಿದ್ದ ಹಾಲಿನ ದರ ತೀವ್ರವಾಗಿ ಕುಸಿಯಿತು. ದರದ ಕುಸಿತದಿಂದ ಹಿಡುವಳಿಗಳು ಮುಚ್ಚಿದರೆ ನಷ್ಟವು ರೈತರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಮೇಯಿಸದೆ, ಕೊಯ್ಯದೆ ಬಿಟ್ಟ ಹುಲ್ಲುಗಾವಲನ್ನು ಕೆಲವೇ ವರ್ಷಗಳಲ್ಲಿ ಪೊದೆ ಆವರಿಸುತ್ತದೆ. ಯಾವ ಹಸಿರು ಇಳಿಜಾರನ್ನು ನೋಡಲು ಪ್ರವಾಸಿಗರು ಬರುತ್ತಾರೋ ಆ ಇಳಿಜಾರೇ ಇಲ್ಲವಾಗುತ್ತದೆ. ಈ ಹಿನ್ನೆಲೆಯಲ್ಲಿ, ಐರೋಪ್ಯ ಒಕ್ಕೂಟದ ‘ಲೀಡರ್’ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 1998ರಲ್ಲಿ ಚೀಸ್ ಮಾರ್ಗವನ್ನು ಸ್ಥಾಪಿಸಲಾಯಿತು.

ಹೆಸರಿನಲ್ಲಿ ‘ರಸ್ತೆ’ ಎಂದಿದ್ದರೂ ಇದು ಒಂದು ನಿರ್ದಿಷ್ಟ ರಸ್ತೆಯಲ್ಲ. ಹೈನುಗಾರರು, ಚೀಸ್ ತಯಾರಿಕಾ ಘಟಕಗಳು, ಬೆಟ್ಟದ ಮೇಲಿನ ಬೇಸಿಗೆ ಹಟ್ಟಿಗಳು, ಅತಿಥಿಗೃಹಗಳು, ಅಂಗಡಿಗಳು ಹಾಗೂ ಕುಶಲಕರ್ಮಿಗಳು ಸೇರಿ ರಚಿಸಿಕೊಂಡ ಸದಸ್ಯರ ಕೂಟವಾಗಿದೆ.

ಒಣಹುಲ್ಲಿನ ಹಾಲು

ಈ ಪ್ರದೇಶದ ಪಶುಪಾಲನೆಯು ಮೂರು ಹಂತಗಳಲ್ಲಿ ನಡೆಯುತ್ತದೆ. ಚಳಿಗಾಲದಲ್ಲಿ ಹಸುಗಳು ಕಣಿವೆಯ ಕೊಟ್ಟಿಗೆಯಲ್ಲಿರುತ್ತವೆ. ವಸಂತದ ಕೊನೆಯಲ್ಲಿ ಅವುಗಳನ್ನು ‘ಫೋರ್ಸೆಸ್’ ಎಂಬ ಮಧ್ಯದ ಎತ್ತರದ ಹುಲ್ಲುಗಾವಲಿಗೂ, ನಡುಬೇಸಿಗೆಯಲ್ಲಿ ಇನ್ನೂ ಮೇಲಿನ ಆಲ್ಪ್ ಹುಲ್ಲುಗಾವಲಿಗೂ ಹೊಡೆದುಕೊಂಡು ಹೋಗಲಾಗುತ್ತದೆ. ಸೆಪ್ಟೆಂಬರಿನಲ್ಲಿ ಅದೇ ಕ್ರಮದಲ್ಲಿ ಹಿಂದಿರುಗುವಿಕೆ. ಹಸುಗಳು ಮೇಲಿರುವಾಗ ಕೆಳಗಿನ ಹುಲ್ಲನ್ನು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಕೂಡಿಡುವುದು ಈ ಏರ್ಪಾಡಿನ ಮರ್ಮ. 2011ರಲ್ಲಿ ಈ ಪದ್ಧತಿಯನ್ನು ಆಸ್ಟ್ರಿಯಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ.

ಇಲ್ಲಿನ ಪ್ರಸಿದ್ಧ ಗಟ್ಟಿ ಚೀಸ್ ಆದ ‘ಬೆರ್ಗ್‌ಕೇಸೆ’ಯನ್ನು ಕಾಯಿಸದ ಹಸಿ ಹಾಲಿನಿಂದ ತಯಾರಿಸಲಾಗುತ್ತದೆ. ಹಾಲು ನೀಡುವ ಹಸುಗಳಿಗೆ ರಸಮೇವು ತಿನ್ನಿಸುವಂತಿಲ್ಲ. ನಮ್ಮಲ್ಲಿ ಬೇಸಿಗೆಯ ಮೇವಿನ ಕೊರತೆಗೆ ರಸಮೇವನ್ನು ಪ್ರೋತ್ಸಾಹಿಸಲಾಗುತ್ತಿರುವುದರಿಂದ ಈ ನಿಷೇಧವು ಓದುಗರಿಗೆ ವಿಚಿತ್ರವೆನಿಸಬಹುದು. ಹಾಲು ಕುಡಿಯುವುದಕ್ಕಾದರೆ ರಸಮೇವಿನಿಂದ ತೊಂದರೆಯಿಲ್ಲ. ಆದರೆ ರಸಮೇವಿನ ಮೂಲಕ ಹಾಲಿಗೆ ಸೇರುವ ಕ್ಲೋಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ತಿಂಗಳುಗಟ್ಟಲೆ ಮಾಗಬೇಕಾದ ಚೀಸಿನೊಳಗೆ ಅನಿಲ ಉಂಟುಮಾಡಿ, ಗಡ್ಡೆಯು ಉಬ್ಬಿ ಬಿರಿಯುವಂತೆ ಮಾಡುತ್ತವೆ. ಸುಮಾರು 10 ಲೀಟರ್ ಹಾಲಿನಿಂದ 1 ಕಿಲೋಗ್ರಾಂ ಚೀಸ್ ದೊರೆಯುವುದಾಗಿದ್ದು, ಒಂದು ದೊಡ್ಡ ಗಡ್ಡೆ ಕೆಟ್ಟರೂ ನೂರಾರು ಲೀಟರ್ ಹಾಲು ವ್ಯರ್ಥವಾದಂತೆಯೇ ಸರಿ.

ಒಣಹುಲ್ಲಿಗೆ ಶ್ರಮ ಹೆಚ್ಚು, ಮಳೆಯ ಭಯವೂ ಹೆಚ್ಚು. ಆ ಹೆಚ್ಚಿನ ಶ್ರಮಕ್ಕೆ ತಕ್ಕ ಬೆಲೆ ದೊರೆಯುವಂತೆ ಮಾಡುವುದೇ ಚೀಸ್ ಮಾರ್ಗದ ನಿಜವಾದ ಕಾರ್ಯವೆನ್ನಬಹುದು. ಹಟ್ಟಿಯಲ್ಲಿ ತಾಮ್ರದ ಕಡಾಯಿಯ ಮುಂದೆ ನಿಂತು ತಯಾರಿಕೆಯನ್ನು ಕಂಡ ಗ್ರಾಹಕನಿಗೆ ಬೆಲೆಯ ಕಾರಣವನ್ನು ಪ್ರತ್ಯೇಕವಾಗಿ ವಿವರಿಸಬೇಕಾಗುವುದಿಲ್ಲ. ಉಪಾಹಾರ ಗೃಹಗಳಲ್ಲಿ ಸ್ಥಳೀಯ ಚೀಸಿನಿಂದಲೇ ‘ಕೇಸ್‌ಕ್ನೋಪ್‌ಫ್ಲೆ’ ಎಂಬ ಹಿಟ್ಟಿನ ಉಂಡೆಗಳ ಖಾದ್ಯವನ್ನು ಹುರಿದ ಈರುಳ್ಳಿಯೊಂದಿಗೆ ಬಡಿಸಲಾಗುತ್ತದೆ. ಚೀಸ್ ತೆಗೆದ ನಂತರ ಉಳಿಯುವ ಹಾಲೊಡಕು ನೀರನ್ನೂ ಚೆಲ್ಲುವುದಿಲ್ಲ. ಅದನ್ನು ಬಹುಕಾಲ ಕುದಿಸಿ ‘ಜಿಗ್’ ಎಂಬ ಕಂದುಬಣ್ಣದ ಸಿಹಿಯನ್ನು ಮಾಡುವ ರೂಢಿಯಿದೆ.

ಲಿಂಗೆನೌ ನೆಲಮಾಳಿಗೆ

ಪ್ರತಿಯೊಂದು ಸಣ್ಣ ಘಟಕವೂ ಮಾಗಿಸುವ ಕೋಣೆಯನ್ನು ಕಟ್ಟಿಸಿಕೊಳ್ಳುವುದು ದುಬಾರಿ. ಆದುದರಿಂದ ಲಿಂಗೆನೌ ಗ್ರಾಮದಲ್ಲಿ ಸಾಮೂಹಿಕ ನೆಲಮಾಳಿಗೆಯನ್ನು ನಿರ್ಮಿಸಲಾಗಿದ್ದು, ಮೂವತ್ತು ಸಾವಿರಕ್ಕೂ ಹೆಚ್ಚು ಗಡ್ಡೆಗಳಿಗೆ ಅಲ್ಲಿ ಸ್ಥಳಾವಕಾಶವಿದೆ. ಯಂತ್ರಮಾನವಗಳು ಗಡ್ಡೆಗಳನ್ನು ತಿರುಗಿಸಿ ಉಪ್ಪುನೀರಿನಿಂದ ಉಜ್ಜುವುದನ್ನು ಸಂದರ್ಶಕರು ಗಾಜಿನಾಚೆಯಿಂದ ವೀಕ್ಷಿಸಬಹುದಾಗಿದೆ.

ಹೆಸರಿನ ರಕ್ಷಣೆ ಮತ್ತು ಮಾರ್ಗ

ಫೋರಾರ್ಲ್‌ಬೆರ್ಗ್‌ನ ಬೆರ್ಗ್‌ಕೇಸೆ ಹಾಗೂ ಆಲ್ಪ್‌ಕೇಸೆ ಎಂಬ ಹೆಸರುಗಳಿಗೆ 1997ರಲ್ಲಿ ಐರೋಪ್ಯ ಒಕ್ಕೂಟದ ಮೂಲಸ್ಥಾನ ರಕ್ಷಣೆ ದೊರೆಯಿತು. ಮಾರ್ಗವು ಬಂದದ್ದು ಅದರ ಮರುವರ್ಷ. ಕರ್ನಾಟಕದಲ್ಲಿಯೂ 2019ರಲ್ಲಿ ಕೊಡಗು, ಚಿಕ್ಕಮಗಳೂರು ಹಾಗೂ ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಲಭಿಸಿದೆ. ಅದಕ್ಕೂ ಮುನ್ನವೇ ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಉಡುಪಿ ಮಟ್ಟುಗುಳ್ಳ ಮೊದಲಾದವು ಈ ಪಟ್ಟಿಯನ್ನು ಸೇರಿವೆ. ಇಂತಹ ಮಾನ್ಯತೆಯು ಹೆಸರಿನ ದುರುಪಯೋಗವನ್ನು ತಡೆಯುತ್ತದೆ. ಕೊಳ್ಳುವವರನ್ನು ತೋಟದ ಬಾಗಿಲಿಗೆ ಕರೆತರುವುದಿಲ್ಲ. ಆ ಕೆಲಸಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕೆಂಬುದನ್ನು ಬ್ರೆಗೆಂಟ್ಸರ್‌ವಾಲ್ಡ್‌ನ ಹೈನುಗಾರರು ಬೇಗನೆ ಅರಿತರು.

ಸಂದರ್ಶಕರ ಗಮನಕ್ಕೆ

ಎತ್ತರದ ಹಟ್ಟಿಗಳಲ್ಲಿ ಚೀಸ್ ತಯಾರಿಕೆಯು ಬೇಸಿಗೆಯಲ್ಲಿ ಮಾತ್ರ ನಡೆಯುತ್ತದೆ. ಹಾಲು ಕಾಯಲು ಇಡುವುದು ಬೆಳಗಿನ ಹೊತ್ತಾದುದರಿಂದ ತಯಾರಿಕೆಯನ್ನು ನೋಡಬಯಸುವವರು ಮುಂಜಾನೆಯೇ ತಲುಪುವುದು ಸೂಕ್ತ. ಸೆಪ್ಟೆಂಬರ್ ತಿಂಗಳಿನಲ್ಲಿ ಹೂವಿನಿಂದ ಸಿಂಗರಿಸಿದ ಹಸುಗಳು ಗಂಟೆಯ ಸದ್ದಿನೊಂದಿಗೆ ಕಣಿವೆಗೆ ಇಳಿದು ಬರುತ್ತವೆ. ಕೊಯ್ಲಿಗೆ ಬಿಟ್ಟ ಹುಲ್ಲುಗಾವಲನ್ನು ತುಳಿಯದೆ ಕಾಲುದಾರಿಯಲ್ಲಿಯೇ ನಡೆಯತಕ್ಕದ್ದು.