ಶಂಟಿಂಗ್ ಉಗಿ ಎಂಜಿನ್

ರೈಲು ಯಾರ್ಡುಗಳಲ್ಲಿ ವ್ಯಾಗನ್ನುಗಳನ್ನು ಬಿಡಿಸಿ, ಹೋಗಬೇಕಾದ ಊರಿನ ಪ್ರಕಾರ ವಿಂಗಡಿಸಿ, ಮತ್ತೆ ಗಾಡಿಯಾಗಿ ಜೋಡಿಸುತ್ತಿದ್ದ ಉಗಿ ಎಂಜಿನ್. ದಿನವಿಡೀ ದುಡಿದರೂ ಯಾರ್ಡಿನ ಗಡಿ ದಾಟುತ್ತಿರಲಿಲ್ಲ.

ಇಂಥ ಎಂಜಿನ್ ಸಾಮಾನ್ಯವಾಗಿ ಗಿಡ್ಡ. ಚಕ್ರಗಳ ನಡುವಿನ ಅಂತರ ಕಡಿಮೆ ಇದ್ದರೆ ಸೈಡಿಂಗಿನ ಬಿಗಿ ತಿರುವುಗಳಲ್ಲಿ ಸಲೀಸಾಗಿ ಹೊರಳುತ್ತದೆ. ನೀರಿನ ತೊಟ್ಟಿಯನ್ನು ಬಾಯ್ಲರಿನ ಪಕ್ಕದಲ್ಲೇ ಕೂರಿಸಿದ ಟ್ಯಾಂಕ್ ಎಂಜಿನ್ನಿನಲ್ಲಿ ಆ ಭಾರ ಎಳೆಯುವ ಚಕ್ರಗಳ ಮೇಲೆ ಬಿದ್ದು, ನಿಂತ ವ್ಯಾಗನ್ನುಗಳನ್ನು ಕದಲಿಸುವಾಗ ಚಕ್ರ ಜಾರುವುದು ಕಡಿಮೆ. ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್ ಇಲ್ಲದ್ದರಿಂದ ಎರಡೂ ದಿಕ್ಕಿಗೆ ನೋಟ ಸಿಗುತ್ತದೆ. ಮುಖ್ಯ ಮಾರ್ಗದಲ್ಲಿ ಹಳತಾದ ಟೆಂಡರ್ ಎಂಜಿನ್ನುಗಳಿಗೂ ಕೊನೆಗೆ ಇದೇ ಕೆಲಸ ಬೀಳುತ್ತಿತ್ತು.

ಈ ಕೆಲಸ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಒಂದು ಮಾರ್ಗ ನೋಡಿ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ನಡುವೆ ಮೀಟರ್ ಗೇಜ್ ಹಳಿ ಹಾಕಿತು. ಅದು ಸವಣೂರು ತಾಲ್ಲೂಕಿನ ಯಲವಿಗಿಯ ಮೂಲಕ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳತ್ತ ಸಾಗಿತು. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರು ಪಟ್ಟಣಗಳು ಹಳಿಯಿಂದ ಪಶ್ಚಿಮಕ್ಕೆ ಉಳಿದವು. ಆ ಸೀಮೆಯ ಅರಳೆ, ಮೆಣಸಿನಕಾಯಿ ರೈಲು ಹತ್ತಬೇಕಾದರೆ ಮೊದಲು ಚಕ್ಕಡಿಯಲ್ಲಿ ಗೂಡ್ಸ್ ಶೆಡ್ಡಿಗೆ ಬರಬೇಕಿತ್ತು. ಸಣ್ಣ ನಿಲ್ದಾಣದಲ್ಲಿ ಶಂಟಿಂಗಿಗೆಂದೇ ಒಂದು ಎಂಜಿನ್ ಇಡುವಷ್ಟು ಕೆಲಸ ಇರಲಿಲ್ಲ. ಬಂದ ಗೂಡ್ಸ್ ಗಾಡಿಯ ಎಂಜಿನ್ನೇ ಬಿಡಿಸಿಕೊಂಡು ಸೈಡಿಂಗಿಗೆ ಹೋಗಿ, ತುಂಬಿದ ವ್ಯಾಗನ್ ಎಳೆದು, ಖಾಲಿಯದನ್ನು ಬಿಟ್ಟು ಬರುತ್ತಿತ್ತು. ನಿಜವಾದ ವಿಂಗಡಣೆ ನಡೆಯುತ್ತಿದ್ದದ್ದು ಹುಬ್ಬಳ್ಳಿಯಂಥ ಜಂಕ್ಷನ್ನಿನಲ್ಲಿ. ಪೇಟೆಗೆ ಮಾಲು ಯಾವಾಗ ಮುಟ್ಟುತ್ತದೆ ಎಂಬುದು ಓಡುವ ಗಾಡಿಯ ವೇಗಕ್ಕಿಂತ ಹೆಚ್ಚಾಗಿ ಈ ಯಾರ್ಡಿನ ಕೆಲಸವನ್ನೇ ನೆಚ್ಚಿತ್ತು. ರೈಲ್ವೆ ಚರಿತ್ರೆಗಳು ಇದಕ್ಕೆ ಕೊಟ್ಟ ಜಾಗ ತೀರ ಕಡಿಮೆ.

ಕೆಲಸ ಅಪಾಯದ್ದು. ಮೀಟರ್ ಗೇಜ್ ವ್ಯಾಗನ್ನಿನ ತುದಿಯಲ್ಲಿ ನಡುವೆ ಒಂದೇ ಬಫರ್, ಅದರಲ್ಲೇ ಕೊಕ್ಕೆ. ಕೊಂಡಿ ಹಾಕಲು ಪಾಯಿಂಟ್ಸ್‌ಮನ್ ಎರಡು ವ್ಯಾಗನ್ನುಗಳ ನಡುವೆ ಹೋಗಬೇಕಿತ್ತು. ಮಾತು ಕೇಳಿಸದ ಆ ಗದ್ದಲದಲ್ಲಿ ಬಾವುಟವೇ ಭಾಷೆ. ಹಸಿರು ಬಾವುಟ ನಿಧಾನವಾಗಿ ಮೇಲೆ ಕೆಳಗೆ ಆಡಿದರೆ ಸಂಕೇತ ಕೊಡುವವನಿಂದ ದೂರ ಹೋಗು ಎಂದು. ಮೈಮುಂದೆ ಅಡ್ಡಡ್ಡ ಬೀಸಿದರೆ ಅವನ ಕಡೆಗೆ ಬಾ ಎಂದು. ಕೆಂಪು ಮತ್ತು ಹಸಿರು ಬಾವುಟಗಳನ್ನು ತಲೆಯ ಮೇಲೆ ಹತ್ತಿರ ತಂದು ದೂರ ಮಾಡಿದರೆ, ಕೊಂಡಿ ಹಾಕಲು ಮೆಲ್ಲಗೆ ಸರಿ ಎಂದರ್ಥ. ರಾತ್ರಿ ಇದಕ್ಕೆಲ್ಲ ಕೈದೀಪ. ಭಾರತೀಯ ರೈಲ್ವೆಯ ನಿಯಮದಂತೆ ಶಂಟಿಂಗ್ ವೇಗ ಗಂಟೆಗೆ 15 ಕಿ.ಮೀ. ಮೀರಬಾರದು, ಸ್ಫೋಟಕ ತುಂಬಿದ ವ್ಯಾಗನ್ ಇದ್ದರೆ 8 ಕಿ.ಮೀ.

ಉಗಿಯ ದೊಡ್ಡ ಅನುಕೂಲವೆಂದರೆ ನಿಂತಲ್ಲಿಂದಲೇ ಪೂರ್ತಿ ಬಲ ಹಾಕುವ ಶಕ್ತಿ. ದೊಡ್ಡ ತೊಡಕು, ಕೆಲಸವಿಲ್ಲದಾಗಲೂ ಬೆಂಕಿ ಆರದಂತೆ ಕಲ್ಲಿದ್ದಲು ಉರಿಸುತ್ತ ಫೈರ್‌ಮನ್ ಕಾಯಬೇಕಾದ್ದು. ಡೀಸೆಲ್ ಗೆದ್ದದ್ದು ಇಲ್ಲಿಯೇ. 1990ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ಮಾರ್ಗ ಬ್ರಾಡ್ ಗೇಜ್ ಆಯಿತು. ಅಷ್ಟರಲ್ಲಿ ಸರಕು ಸಾಗಣೆ ಬಿಡಿ ವ್ಯಾಗನ್ನುಗಳಿಂದ ಒಂದೇ ಊರಿಗೆ ಹೋಗುವ ಇಡೀ ರೇಕುಗಳತ್ತ ಹೊರಳಿತ್ತು. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಚೀಲಗಳು ಹೆಚ್ಚಾಗಿ ಲಾರಿ ಹತ್ತತೊಡಗಿದವು.