ಜಾಮಖೇಡದ ಬಾವಿ, ಆಶಾಳ ಗೌರವಧನ

1970ರಲ್ಲಿ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ ಜಾಮಖೇಡಕ್ಕೆ ಬಂದ ವೈದ್ಯ ದಂಪತಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ಮೊದಲು ಹಳ್ಳಿಗಳಿಗೆ ಕಳಿಸಿದ್ದು ತರಬೇತಿ ಪಡೆದ ದಾದಿಯರನ್ನು. ಅದು ಕೈಗೂಡಲಿಲ್ಲ. ಆಮೇಲೆ ಆಯಾ ಊರಿನ ಹೆಂಗಸರನ್ನೇ ಆರಿಸಿದರು. ಅವರಲ್ಲಿ ಹಲವರು ದಲಿತರು, ಹೆಚ್ಚಿನವರಿಗೆ ಓದುಬರಹ ತಿಳಿಯದು. ಹೆರಿಗೆ ಮಾಡಿಸುವುದು, ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಕುಡಿಸುವುದನ್ನು ಈ ಹೆಂಗಸರೇ ಕಲಿತು ಊರಿಗೆ ಕಲಿಸಿದರು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಆಲ್ಮಾ-ಆಟಾ ಅಂತರರಾಷ್ಟ್ರೀಯ ಘೋಷಣೆಗೆ ಪ್ರೇರಣೆಯಾದ ಪ್ರಯೋಗಗಳಲ್ಲಿ ಇದೂ ಒಂದು. ಆದರೆ ಜನರ ಕೈಗೇ ಆರೋಗ್ಯ ಕೊಡುತ್ತೇವೆ ಎನ್ನುವಾಗ, ಯಾವ ಜನ ಎಂದು ಕೇಳಲೇಬೇಕಾಗುತ್ತದೆ. ಬರಗಾಲದಲ್ಲಿ ಕೊಳವೆ ಬಾವಿ ಕೊರೆಸುವ ಜಾಗವನ್ನು ಊರಿನ ಹಿರಿಯರಿಗೆ ಬಿಟ್ಟಿದ್ದರೆ ನೀರು ಮೇಲ್ಜಾತಿಯ ಕೇರಿಯಲ್ಲೇ ಉಕ್ಕುತ್ತಿತ್ತು. ಆರೋಳೆ ದಂಪತಿ ದಲಿತ ಕೇರಿಗಳಲ್ಲಿ ಬಾವಿ ಕೊರೆಸಿದರು. ಉಳಿದವರು ಅಲ್ಲಿಗೇ ಕೊಡ ಹಿಡಿದು ಬರಬೇಕಾಯಿತು. ಹೊರಗಿನವರು ತಮ್ಮ ನಿರ್ಧಾರ ಹೇರಿದರಲ್ಲ ಎಂದು ಆಕ್ಷೇಪಿಸಬಹುದು. ಹೌದು, ಹೇರಿದರು. ಸಮುದಾಯದ ಒಳಗೇ ತುಳಿತವಿರುವಾಗ ಸುಮ್ಮನಿರುವುದೂ ಒಂದು ಪಕ್ಷ ವಹಿಸಿದಂತೆಯೇ. ಅವರ ನಡೆ ಸರಿಯೆಂದೇ ನನ್ನ ಎಣಿಕೆ.

1977ರ ಅಕ್ಟೋಬರ್ 2ರಂದು ಕೇಂದ್ರದ ಜನತಾ ಪಕ್ಷದ ಸರ್ಕಾರ ಆರಂಭಿಸಿದ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ಜಾಮಖೇಡದ ಈ ನಡೆಗೆ ತದ್ವಿರುದ್ಧ. ತಿಂಗಳಿಗೆ 50 ರೂಪಾಯಿ, ಮೂರು ತಿಂಗಳ ತರಬೇತಿ, ಆಯ್ಕೆ ಊರಿನದು. ಆಯ್ಕೆಯಾದವರಲ್ಲಿ ಗಂಡಸರೇ ಹೆಚ್ಚು; ತಾಯಿ-ಮಗುವಿನ ಆರೈಕೆಗೆ ಬೇಕಾಗಿದ್ದದ್ದು ಹೆಂಗಸರು. ಹಣ ಕೊಟ್ಟಿದ್ದರಿಂದಲೇ ಸೇವಾಭಾವ ಕೆಟ್ಟಿತು ಎನ್ನುವವರಿದ್ದಾರೆ. ಕೆಟ್ಟದ್ದು ಹಣದಿಂದಲ್ಲ, ಪಂಚಾಯಿತಿಯ ಬಲಾಢ್ಯರ ಕೈಗೆ ಆಯ್ಕೆ ಹೋದದ್ದರಿಂದ.

2005ರಲ್ಲಿ ಬಂದ, ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರ ಆಶಾ ಯೋಜನೆ ಹೆಂಗಸರನ್ನೇ ಆರಿಸಿ ಆ ತಪ್ಪನ್ನು ತಿದ್ದಿತು, ಇನ್ನೊಂದನ್ನು ಮಾಡಿತು. ಆಶಾ ಕಾರ್ಯಕರ್ತೆಯನ್ನು ಸ್ವಯಂಸೇವಕಿ ಎಂದು ಕರೆದು, ಕೆಲಸಕ್ಕಿಷ್ಟೆಂದು ಪ್ರೋತ್ಸಾಹಧನ ಕೊಟ್ಟರು. ಏನು ಮಾಡಬೇಕೆಂಬ ಗುರಿ, ಪುಸ್ತಕ ತುಂಬುವ ಹೊಣೆ ಮೇಲಿನಿಂದ ಬಂತು. ಜಾಮಖೇಡದ ಹೆಂಗಸರಿಗೂ ದೊಡ್ಡ ಸಂಬಳವಿರಲಿಲ್ಲ ಎಂಬ ವಾದ ಇಲ್ಲಿ ನಿಲ್ಲದು. ಅಲ್ಲಿ ಅವರ ಮಾತಿಗೆ ವೈದ್ಯರೂ ಕಿವಿಗೊಡುತ್ತಿದ್ದರು, ತಮ್ಮೂರಿಗೆ ಏನು ಬೇಕೆಂದು ಅವರೇ ಹೇಳುತ್ತಿದ್ದರು. ಹೊಣೆ ಕೊಟ್ಟು ಹಕ್ಕು ಕೊಡದಿದ್ದರೆ ಅದು ಬಡ ಹೆಂಗಸಿನ ಹೆಗಲಿಗೆ ಸರ್ಕಾರದ ಕೆಲಸ ಹೊರಿಸಿದಂತೆ, ಅಷ್ಟೇ. ಯೋಜನೆ ಶುರುವಾಗಿ ಇಪ್ಪತ್ತು ವರ್ಷವಾಗುತ್ತ ಬಂದಿದ್ದರೂ, 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ನಿಶ್ಚಿತ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಅವರನ್ನು ನೌಕರರೆಂದು ಒಪ್ಪುವವರೆಗೆ ಯಾವ ಸರ್ಕಾರವೂ ಸಬಲೀಕರಣದ ಮಾತಾಡಬಾರದು.